‘ಪರ್ಮನೆಂಟಾ?’ ಎಂದು ಕೇಳುವ ಊರಿನಲ್ಲಿ ಪತ್ರಿಕೋದ್ಯಮದ ಪದವಿ

ಬಿ.ಎ.ಗೆ ಸೇರಿದ ಮಗಳು ‘ಜರ್ನಲಿಸಂ ತಗೊಂಡಿದೀನಿ’ ಅಂದರೆ ದಾವಣಗೆರೆಯ ಮನೆಗಳಲ್ಲಿ ಎರಡು ಪ್ರಶ್ನೆ ಏಳುತ್ತವೆ. ‘ಟಿ.ವಿ.ಯಾಗೆ ಬರ್ತೀಯೇನು?’ ಎಂಬುದು ಮೊದಲನೆಯದು. ಅದಕ್ಕೆ ನಕ್ಕು ಸುಮ್ಮನಾದರೆ ಸಾಕು. ಎರಡನೆಯದು ಸ್ವಲ್ಪ ಹೊತ್ತು ಬಿಟ್ಟು, ಸಾಮಾನ್ಯವಾಗಿ ಅಪ್ಪನ ಬಾಯಿಂದ ಬರುತ್ತದೆ: ‘ಪರ್ಮನೆಂಟ್ ಆಗುತ್ತಾ?’ ಇದಕ್ಕೆ ನಗುವುದು ಸುಲಭವಲ್ಲ. ಆ ಒಂದು ಪದದ ಹಿಂದೆ ಊರಿನ ಅರ್ಧ ಚರಿತ್ರೆ ಇದೆ.

ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರಿದು. ದಾವಣಗೆರೆ ಕಾಟನ್ ಮಿಲ್, ಚಂದ್ರೋದಯ, ಆಂಜನೇಯ ಮುಂತಾದ ಗಿರಣಿಗಳ ಪಾಳಿಯ ಲೆಕ್ಕದಲ್ಲಿ ಓಣಿಗಳು ಏಳುತ್ತಿದ್ದವು, ಮಲಗುತ್ತಿದ್ದವು. ಕಾರ್ಮಿಕರ ಬಲದ ಮೇಲೆ ಕಮ್ಯುನಿಸ್ಟ್ ನಾಯಕ ಪಂಪಾಪತಿ ಇಲ್ಲಿಂದ ವಿಧಾನಸಭೆಗೆ ಆರಿಸಿಹೋದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹದಿನಾಲ್ಕು ಕಿಲೋಮೀಟರ್ ಆಚೆ, ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ತನ್ನ ಲೇತ್ ಯಂತ್ರಗಳಿಂದ ದೇಶದಲ್ಲೆಲ್ಲ ಹೆಸರಾಯಿತು. ಅದರ ನೆರಳಲ್ಲಿ ಯಂತ್ರಪುರ ಎಂಬ ಹೆಸರಿನ ಊರೇ ಬೆಳೆಯಿತು. ಈ ಶತಮಾನದ ಆರಂಭದಲ್ಲಿ ಅದೂ ಬಾಗಿಲು ಹಾಕಿತು. ಪರ್ಮನೆಂಟ್ ನೌಕರಿ ನಂಬಿ ಮನೆ ಕಟ್ಟಿದವರು, ಮದುವೆ ಮಾಡಿದವರು ಆ ಪದ ಟೊಳ್ಳಾದದ್ದನ್ನು ಕಣ್ಣಾರೆ ಕಂಡರು. ಅಂಥವರ ಮಕ್ಕಳು, ಮೊಮ್ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಅವರಿಗೆ ಪತ್ರಿಕೋದ್ಯಮ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ; ಅಲ್ಲಿ ಸಂಬಳ ಕೊಡುವವರು ಯಾರು, ಆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳಬೇಕು. ಕಾಲೇಜುಗಳ ‘ಕೆರಿಯರ್ ಗೈಡೆನ್ಸ್’ ಭಾಷಣಗಳಲ್ಲಿ ತಪ್ಪಿಹೋಗುವ ಅಧ್ಯಾಯ ಇದೇ.

ಓದುವ ಅವಕಾಶಕ್ಕೇನೂ ಕೊರತೆಯಿಲ್ಲ. 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಗಿ, ಆಮೇಲೆ ಕುವೆಂಪು ವಿಶ್ವವಿದ್ಯಾಲಯದ ತೆಕ್ಕೆಗೆ ಹೋಗಿ, 2009ರಲ್ಲಿ ಸ್ವತಂತ್ರವಾದ ದಾವಣಗೆರೆ ವಿಶ್ವವಿದ್ಯಾಲಯ ತೋಳಹುಣಸೆಯ ಶಿವಗಂಗೋತ್ರಿಯಲ್ಲಿದೆ. ಪತ್ರಿಕೋದ್ಯಮದ ಸ್ನಾತಕೋತ್ತರ ವಿಭಾಗವೂ ಅಲ್ಲಿದೆ. ಪದವಿ ಮಟ್ಟದಲ್ಲಿ ಪತ್ರಿಕೋದ್ಯಮ ಬಿ.ಎ.ಯ ಐಚ್ಛಿಕ ವಿಷಯಗಳಲ್ಲಿ ಒಂದು. ಇತಿಹಾಸವೋ ಸಮಾಜಶಾಸ್ತ್ರವೋ ಐಚ್ಛಿಕ ಕನ್ನಡವೋ ಜೊತೆಗಿರುತ್ತದೆ. ಈ ನಡುವೆ ಪಠ್ಯಕ್ರಮ ಎರಡು ಸಲ ಮಗ್ಗುಲು ಬದಲಿಸಿತು: 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವೆ ಸಿಕ್ಕ ಬ್ಯಾಚುಗಳ ಅಂಕಪಟ್ಟಿ ಓದುವುದೇ ಒಂದು ವಿದ್ಯೆ. ಉದ್ಯೋಗ ಕೊಡುವ ಸಂಪಾದಕರು ಮಾತ್ರ ಅದನ್ನು ತೆರೆದು ನೋಡುವುದು ಅಪರೂಪ. ಅವರು ಕೇಳುವುದು ‘ಏನು ಬರೆದಿದ್ದೀರಿ, ತೋರಿಸಿ’ ಎಂದು.

ಆ ತೋರಿಸುವ ಬರಹ ಕಾಲೇಜಿನೊಳಗೇ ಹುಟ್ಟಬೇಕು ಎಂಬ ವಿಚಾರಕ್ಕೆ ನೂರು ವರ್ಷ ದಾಟಿದೆ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ವಿಲಿಯಮ್ಸ್ 1908ರ ಸೆಪ್ಟೆಂಬರ್‌ನಲ್ಲಿ ಪತ್ರಿಕೋದ್ಯಮ ಶಾಲೆ ತೆರೆದಾಗ ಮೊದಲ ದಿನವೇ ವಿದ್ಯಾರ್ಥಿಗಳ ಕೈಯಲ್ಲಿ ಪತ್ರಿಕೆಯೊಂದನ್ನು ಹೊರಡಿಸಿದರು. ಅದು ಕಾಲೇಜು ಗೋಡೆಪತ್ರಿಕೆಯಾಗಿರಲಿಲ್ಲ, ಊರಿಗೇ ಮಾರುವ ಪತ್ರಿಕೆಯಾಗಿತ್ತು. ತಮಾಷೆಯೆಂದರೆ, ಅದೇ 1908ರಲ್ಲಿ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬಾತ ಕೂಲಿಕಾರರ, ವಲಸೆ ಬಂದವರ ಮಕ್ಕಳಿಗೆ ವೃತ್ತಿ ಆರಿಸಿಕೊಳ್ಳಲು ನೆರವಾಗುವ ಕಚೇರಿ ತೆರೆದ. ನಿನ್ನನ್ನು ನೀನು ತಿಳಿ, ಕೆಲಸಗಳನ್ನು ತಿಳಿ, ಎರಡನ್ನೂ ತಾಳೆ ಹಾಕು ಎಂಬುದು ಅವನ ಸೂತ್ರ. ಇಂದಿನ ವೃತ್ತಿ ಮಾರ್ಗದರ್ಶನವೆಲ್ಲ ಆ ಕಚೇರಿಯ ಸಂತಾನ. ನಮ್ಮಲ್ಲಿ ಮೊದಲ ಸೂತ್ರದ ಬಗ್ಗೆ ವ್ಯಕ್ತಿತ್ವ ವಿಕಸನದ ಭಾಷಣಗಳು ಬೇಕಾದಷ್ಟು ನಡೆಯುತ್ತವೆ. ಎರಡನೆಯದು, ಅಂದರೆ ಈ ಊರಿನಲ್ಲಿ ಇರುವ ಕೆಲಸಗಳ ಪಟ್ಟಿ, ಯಾರ ಬಳಿಯೂ ಇಲ್ಲ.

ಕರ್ನಾಟಕದಲ್ಲಿ ಪತ್ರಿಕೋದ್ಯಮ ಪಾಠ ಶುರುವಾದದ್ದು 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ನಾಡಿಗ ಕೃಷ್ಣಮೂರ್ತಿಯವರ ಮುಂದಾಳತ್ವದಲ್ಲಿ. ಅದಕ್ಕೂ ಮೊದಲು, ಆಮೇಲೆಯೂ, ಕನ್ನಡದ ದೊಡ್ಡ ಪತ್ರಕರ್ತರು ಬೇರೆ ಬಾಗಿಲುಗಳಿಂದ ಒಳಗೆ ಬಂದವರು. ಡಿ.ವಿ.ಜಿ. ಮೆಟ್ರಿಕ್ ಕೂಡ ದಾಟಿರಲಿಲ್ಲ. ಇಂಗ್ಲಿಷ್ ಮೇಷ್ಟರಾಗಿದ್ದ ಪಿ. ಲಂಕೇಶ್ ಕೆಲಸ ಬಿಟ್ಟು 1980ರಲ್ಲಿ ಪತ್ರಿಕೆ ತೆಗೆದರು. ಉಪನ್ಯಾಸಕರಾಗಿದ್ದ ರವಿ ಬೆಳಗೆರೆ 1995ರಲ್ಲಿ ‘ಹಾಯ್ ಬೆಂಗಳೂರು’ ಶುರುಮಾಡಿದರು. ಇವರ ಹೆಸರು ಹೇಳಿ ‘ಡಿಗ್ರಿ ಯಾಕೆ ಬೇಕು?’ ಎಂದು ವಾದಿಸುವವರು ಇದ್ದಾರೆ. ಆ ವಾದದಲ್ಲಿ ಹುರುಳು ಕಡಿಮೆ. ಈಗ ಬಹುತೇಕ ಸುದ್ದಿಮನೆಗಳಲ್ಲಿ ಅರ್ಜಿ ಸೋಸುವ ಜರಡಿಯೇ ಪದವಿ. ಜರಡಿ ದಾಟಿದ ಮೇಲೆ ಅದರ ಕೆಲಸ ಮುಗಿಯಿತು.

ಇನ್ನು ಊರಿನ ಸುದ್ದಿಲೋಕ. ದಾವಣಗೆರೆಯದೇ ಆದ ‘ಜನತಾವಾಣಿ’, ‘ನಗರವಾಣಿ’ಯಂಥ ದಿನಪತ್ರಿಕೆಗಳಿವೆ, ರಾಜ್ಯಮಟ್ಟದ ಪತ್ರಿಕೆಗಳ ಜಿಲ್ಲಾ ಕಚೇರಿಗಳಿವೆ, ಸುದ್ದಿವಾಹಿನಿಗಳ ವರದಿಗಾರರಿದ್ದಾರೆ. ಸ್ಥಳೀಯ ಪತ್ರಿಕೆಯ ಶಕ್ತಿ ಇರುವುದು ದಿಲ್ಲಿಯ ಸುದ್ದಿಯಲ್ಲಲ್ಲ: ಪಾಲಿಕೆಯ ಗದ್ದಲ, ಭದ್ರಾ ನಾಲೆಗೆ ನೀರು ಬಿಡುವ ದಿನಾಂಕ, ಮೆಕ್ಕೆಜೋಳದ ಧಾರಣೆ, ಮಠದ ಸಮಾರಂಭ, ನಿಧನ ವಾರ್ತೆ. ಶ್ರದ್ಧಾಂಜಲಿ ಮತ್ತು ಶುಭಾಶಯದ ಜಾಹೀರಾತುಗಳೇ ಎಷ್ಟೋ ಸಣ್ಣ ಪತ್ರಿಕೆಗಳ ಕಾಗದದ ಬಿಲ್ಲು ತುಂಬುತ್ತವೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆ ಬಂತೆಂದರೆ ಜಾಹೀರಾತು ವಿಭಾಗಕ್ಕೆ ಸುಗ್ಗಿ.

ಜಿಲ್ಲೆಗೊಂದು ಪುಟ, ತಾಲ್ಲೂಕಿಗೊಬ್ಬ ಸುದ್ದಿಗಾರ ಎಂಬ ಏರ್ಪಾಡು ಆಂಧ್ರದಿಂದ ಹಬ್ಬಿದ್ದು. ‘ಈನಾಡು’ 1989ರಲ್ಲಿ ಜಿಲ್ಲಾ ಟ್ಯಾಬ್ಲಾಯ್ಡ್ ಪುರವಣಿಗಳನ್ನು ತಂದು ಸಣ್ಣ ಊರಿನ ಅಂಗಡಿಯವನ ಜಾಹೀರಾತಿಗೂ ಜಾಗ ಮಾಡಿತು. ಭಾರತೀಯ ಭಾಷಾ ಪತ್ರಿಕೆಗಳ ಬೆಳವಣಿಗೆಯನ್ನು ಅಧ್ಯಯನ ಮಾಡಿದ ರಾಬಿನ್ ಜೆಫ್ರಿ ಈ ಸ್ಥಳೀಯತೆಯ ಅರ್ಥಶಾಸ್ತ್ರದ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. 1999ರಲ್ಲಿ ‘ವಿಜಯ ಕರ್ನಾಟಕ’ ಬಂದ ಮೇಲೆ ಕನ್ನಡದಲ್ಲೂ ಜಿಲ್ಲಾ ಪುಟಗಳ ಪೈಪೋಟಿ ಜೋರಾಯಿತು. ಓದುಗರಿಗೆ ಇದರಿಂದ ಲಾಭವೇ ಆಯಿತು. ಆದರೆ ಸುದ್ದಿಯೂ ಜಾಹೀರಾತೂ ಒಂದೇ ಬೀದಿಯಿಂದ ಬರಬೇಕಾದಾಗ ಎರಡನ್ನೂ ತರುವ ಹೊರೆ ಒಬ್ಬನೇ ಮನುಷ್ಯನ ಹೆಗಲಿಗೆ ಬಿತ್ತು. ಬಿಡಿ ಸುದ್ದಿಗಾರ, ಸ್ಟ್ರಿಂಗರ್, ಅರೆಕಾಲಿಕ ವರದಿಗಾರ, ಹೆಸರೇನೇ ಇರಲಿ, ತಾಲ್ಲೂಕಿನಲ್ಲಿ ಆತನಿಗೆ ಸಿಗುವುದು ಹೆಚ್ಚಾಗಿ ಗೌರವಧನ ಮತ್ತು ಜಾಹೀರಾತಿನ ಕಮಿಷನ್. ಬೆಳಿಗ್ಗೆ ಯಾರ ವಿರುದ್ಧ ಬರೆದನೋ ಸಂಜೆ ಅವರ ಬಳಿಯೇ ಶುಭಾಶಯದ ಜಾಹೀರಾತು ಕೇಳಬೇಕಾದ ಇಕ್ಕಟ್ಟು ತರಗತಿಯ ‘ಮಾಧ್ಯಮ ನೀತಿಸಂಹಿತೆ’ ಪತ್ರಿಕೆಯಲ್ಲಿ ಬರುವುದಿಲ್ಲ.

ಕಾನೂನಿನ ರಕ್ಷಣೆ ಇರಲಿಲ್ಲವೆಂದಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ವೇತನ ಮಂಡಳಿಗಳಿಗೆ ದಾರಿ ಮಾಡಿತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳು 2011ರ ನವೆಂಬರ್‌ನಲ್ಲಿ ಅಧಿಸೂಚನೆಯಾದವು; 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ನೇಮಕಾತಿಯ ರೂಪವೇ ಗುತ್ತಿಗೆಯ ಕಡೆ ಹೊರಳಿತ್ತು. 1932ರಲ್ಲಿ ಡಿ.ವಿ.ಜಿ.ಯವರ ಅಧ್ಯಕ್ಷತೆಯಲ್ಲಿ ಹುಟ್ಟಿದ ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘ ತನ್ನ ರಾಜ್ಯ ಸಮ್ಮೇಳನವನ್ನು 2024ರ ಫೆಬ್ರುವರಿಯಲ್ಲಿ ದಾವಣಗೆರೆಯಲ್ಲೇ ನಡೆಸಿತು. ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸ್ ಬೇಕೆಂಬುದು ಈ ವಲಯದ ಹಳೆಯ ಬೇಡಿಕೆಗಳಲ್ಲಿ ಒಂದಾಗಿತ್ತು. ಬಸ್ ಚಾರ್ಜೇ ಬೇಡಿಕೆಯ ಪಟ್ಟಿಗೆ ಸೇರುವ ವೃತ್ತಿಯ ಆದಾಯ ಎಷ್ಟಿರಬಹುದು ಎಂದು ಹೊಸಬರು ಊಹಿಸಿಕೊಳ್ಳಬಹುದು.

ಹಾಗೆಂದು ವರದಿಗಾರಿಕೆಗೆ ಹೋಗಲೇಬೇಡಿ ಎನ್ನುವುದು ಅನ್ಯಾಯ. ಮೊದಲ ಎರಡು ವರ್ಷ ಊರಿನ ಸುದ್ದಿ ಮಾಡಿದವರಿಗೆ ದೊರೆಯುವ ತರಬೇತಿ ಬೇರೆಲ್ಲೂ ದೊರೆಯದು: ಎಫ್‌ಐಆರ್ ಓದುವುದು, ಪಾಲಿಕೆಯ ಬಜೆಟ್ಟಿನಲ್ಲಿ ಗುಟ್ಟು ಹುಡುಕುವುದು, ಜಯದೇವ ವೃತ್ತದ ಪ್ರತಿಭಟನೆಯಲ್ಲಿ ಜನ ಎಷ್ಟಿದ್ದರು ಎಂದು ಆಯೋಜಕರನ್ನು ಕೇಳದೆ ತಾನೇ ಎಣಿಸುವುದು. ಸೇರುವ ಮುನ್ನ ಮೂರು ಮಾತು ಬಾಯಿಬಿಟ್ಟು ಕೇಳಿಬಿಡಬೇಕು ಅಷ್ಟೇ. ಕೊಡುವುದು ಸಂಬಳವೋ ಗೌರವಧನವೋ? ನೇಮಕಾತಿ ಪತ್ರ ಇದೆಯೋ? ಜಾಹೀರಾತಿನ ಟಾರ್ಗೆಟ್ ಇದೆಯೋ? ಇಪ್ಪತ್ತೊಂದರ ವಯಸ್ಸಿನಲ್ಲಿ ಕೇಳಲು ಸಂಕೋಚವಾಗುವ ಪ್ರಶ್ನೆಗಳಿವು. ಇಪ್ಪತ್ತೈದಕ್ಕೆ ಕೇಳಿದರೆ ತಡವಾಗಿರುತ್ತದೆ.

ಬೆಂಗಳೂರಿನ ದಾರಿ ಹಿಡಿಯುವವರ ಕಥೆ ಬೇರೆ. 2006ರಲ್ಲಿ ಟಿವಿ9 ಕನ್ನಡ, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ ಹೀಗೆ 24 ಗಂಟೆಯ ಸುದ್ದಿವಾಹಿನಿಗಳು ಒಂದರ ಹಿಂದೊಂದು ಬಂದ ವರ್ಷಗಳಲ್ಲಿ ಪತ್ರಿಕೋದ್ಯಮ ಓದಿದವರಿಗೆ ಕೆಲಸ ಸುಲಭವಾಗಿ ಸಿಕ್ಕಿತು. ಆ ಕಾಲದ ನೆನಪಿನ ಮೇಲೆಯೇ ಇಂದಿಗೂ ಎಷ್ಟೋ ಕಾಲೇಜುಗಳು ಪ್ರವೇಶದ ಕರಪತ್ರ ಅಚ್ಚುಹಾಕಿಸುತ್ತವೆ. ಈಗ ಆ ಅಲೆ ಇಳಿದಿದೆ. ಪವರ್ ಟಿವಿ 2023ರ ಜುಲೈಯಲ್ಲಿ ‘ಸೌಂದರ್ಯ’ ಎಂಬ ಕೃತಕ ಬುದ್ಧಿಮತ್ತೆಯ ನಿರೂಪಕಿಯನ್ನು ಪರದೆಗೆ ತಂದಾಗ ಅನೇಕರು ಅದನ್ನು ಗಮ್ಮತ್ತಿನ ಸುದ್ದಿಯಾಗಿ ನೋಡಿದರು. ಬರೆದುಕೊಟ್ಟದ್ದನ್ನು ಓದುವಷ್ಟೇ ಕೆಲಸ ಮಾಡುವ ಮುಖಕ್ಕೆ ಮುಂದೆ ಎಷ್ಟು ಬೇಡಿಕೆ ಇದ್ದೀತು ಎಂಬ ಪ್ರಶ್ನೆ ಅದರೊಳಗೇ ಇತ್ತು. ನಿರೂಪಕಿಯಾಗಬೇಕೆಂಬ ಆಸೆಗೆ ಇದು ತಣ್ಣೀರಲ್ಲ. ಆದರೆ ಆಸೆಯ ಪಕ್ಕದಲ್ಲಿ ಇನ್ನೊಂದು ಕಸುಬು ಇಟ್ಟುಕೊಳ್ಳಲು ಸಾಕಷ್ಟು ಕಾರಣ.

ಸುದ್ದಿಮನೆಯ ಡೆಸ್ಕಿಗೆ ಪರೀಕ್ಷೆ ಕೊಟ್ಟವರಿಗೆ ಗೊತ್ತಿರುವಂತೆ, ಅಲ್ಲಿ ಕೊಡುವ ಮೊದಲ ಹಾಳೆ ಇಂಗ್ಲಿಷ್ ಏಜೆನ್ಸಿಯ ಒಂದು ಸುದ್ದಿ. ಅರ್ಧ ಗಂಟೆಯಲ್ಲಿ ಅದನ್ನು ಕನ್ನಡಕ್ಕೆ ತರಬೇಕು. ಮಧ್ಯ ಕರ್ನಾಟಕದ ಹುಡುಗ ಹುಡುಗಿಯರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಇಂಗ್ಲಿಷ್ ಬಾರದು ಎಂಬುದು ಅರ್ಧ ಕಾರಣ. ಕನ್ನಡ ಬರೆಯುವ ರೂಢಿ ತಪ್ಪಿರುವುದು ಇನ್ನರ್ಧ. ‘ಅ’ಕಾರ ‘ಹ’ಕಾರದ ಗೊಂದಲ, ಮುಗಿಯದ ವಾಕ್ಯ, ಎರಡು ಸಾಲಿನ ಸುದ್ದಿಗೆ ನಾಲ್ಕು ಸಾಲಿನ ಪೀಠಿಕೆ. ದಿನಕ್ಕೊಂದು ಸುದ್ದಿ ಅನುವಾದಿಸಿ, ಮರುದಿನದ ಪತ್ರಿಕೆಯಲ್ಲಿ ಅದೇ ಸುದ್ದಿ ಹೇಗೆ ಬಂದಿದೆ ಎಂದು ಹೋಲಿಸಿಕೊಳ್ಳುವುದಕ್ಕೆ ಹತ್ತು ರೂಪಾಯಿಯೂ ಬೇಡ. ಯೂನಿಕೋಡ್‌ನಲ್ಲಿ ವೇಗವಾಗಿ ಬೆರಳಚ್ಚು ಮಾಡುವ ಅಭ್ಯಾಸವೂ ಹೀಗೆಯೇ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿಯಲು ಒಂದು ರಜೆ ಸಾಕು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವವರಿಗೂ ಹತ್ತು ಬೆರಳಲ್ಲಿ ಬರೆಯುವವರಿಗೂ ಡೆಡ್‌ಲೈನ್ ಹೊತ್ತಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಸರಕಾರದ ದೊಡ್ಡ ಸಂಸ್ಥೆಗಳನ್ನು ಈ ವಿಷಯದಲ್ಲಿ ನೆಚ್ಚಿಕೊಳ್ಳುವಂತಿಲ್ಲ: 1965ರಲ್ಲಿ ಸ್ಥಾಪನೆಯಾದ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿ ಒಡಿಯಾ, ಮರಾಠಿ, ಮಲಯಾಳಂ, ಉರ್ದು ಪತ್ರಿಕೋದ್ಯಮಕ್ಕೆ ಡಿಪ್ಲೊಮಾಗಳಿವೆ, ಕನ್ನಡ ಆ ಸಾಲಿನಲ್ಲಿಲ್ಲ. ಉಜಿರೆ, ಮೂಡುಬಿದಿರೆ, ಮೈಸೂರಿನಂಥ ಊರುಗಳ ಕಾಲೇಜುಗಳೇ ಕನ್ನಡ ಸುದ್ದಿಮನೆಗಳಿಗೆ ಹುಡುಗರನ್ನು ತಯಾರು ಮಾಡುತ್ತ ಬಂದಿವೆ.

ಈಗ ದಾವಣಗೆರೆಯನ್ನು ಸುದ್ದಿಯ ಕನ್ನಡಕ ತೆಗೆದಿಟ್ಟು ನೋಡಬೇಕು. ಹರಿಹರದಿಂದ ಪಿ.ಬಿ. ರಸ್ತೆಯಲ್ಲಿ ಬಸ್ಸು ಹತ್ತಿ ಬರುವ ವಿದ್ಯಾರ್ಥಿನಿ ಕಿಟಕಿ ಪಕ್ಕ ಕೂತು ಫ್ಲೆಕ್ಸುಗಳನ್ನು ಎಣಿಸಿದರೆ ಸಾಕು. ಆಸ್ಪತ್ರೆ, ನೀಟ್ ಕೋಚಿಂಗ್, ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಬಡಾವಣೆಯ ಸೈಟು, ರಾಜಕಾರಣಿಯ ಹುಟ್ಟುಹಬ್ಬ. ಪ್ರತಿಯೊಂದಕ್ಕೂ ಯಾರೋ ದುಡ್ಡು ಕೊಟ್ಟಿದ್ದಾರೆ, ಯಾರೋ ಬರೆದಿದ್ದಾರೆ, ತಪ್ಪು ತಪ್ಪಾಗಿ ಬರೆದಿದ್ದಾರೆ. 1965ರ ಜೆಜೆಎಂ ಸೇರಿ ಎರಡು ವೈದ್ಯಕೀಯ ಕಾಲೇಜು, ಎರಡು ದಂತವೈದ್ಯಕೀಯ ಕಾಲೇಜು, 1979ರ ಬಿಐಇಟಿ, ಬಾಪೂಜಿ ವಿದ್ಯಾಸಂಸ್ಥೆಯ ಉದ್ದನೆಯ ಸಾಲು, ಈಚೆಗೆ ಜಿಎಂ ವಿಶ್ವವಿದ್ಯಾಲಯ. ಗಿರಣಿಗಳು ಹೋದ ಮೇಲೆ ಊರು ಬದುಕಿದ್ದು ಕಾಲೇಜು ಮತ್ತು ಆಸ್ಪತ್ರೆಗಳಿಂದ. ಇವೆಲ್ಲಕ್ಕೂ ಪ್ರವೇಶದ ಪುಸ್ತಿಕೆ ಬೇಕು, ಸಾಮಾಜಿಕ ಜಾಲತಾಣದ ಪುಟ ನಡೆಸುವವರು ಬೇಕು, ಮಧುಮೇಹದ ಬಗ್ಗೆ ರೋಗಿಗೆ ಅರ್ಥವಾಗುವ ಕನ್ನಡದಲ್ಲಿ ಎರಡು ನಿಮಿಷದ ವಿಡಿಯೊ ಬೇಕು. ಸದ್ಯ ಈ ಕೆಲಸವನ್ನು ಕಂಪ್ಯೂಟರ್ ಆಪರೇಟರೋ ಮಾಲೀಕರ ಅಳಿಯನೋ ಮಾಡುತ್ತಿರುತ್ತಾನೆ. ಸಾರ್ವಜನಿಕ ಸಂಪರ್ಕ ಎಂಬ ಪತ್ರಿಕೆಯನ್ನು ಮೂರನೇ ವರ್ಷದಲ್ಲಿ ಓದಿ ಪಾಸಾದವರು ಆ ಬಾಗಿಲು ತಟ್ಟುವುದೇ ಇಲ್ಲ, ಅದು ‘ಮೀಡಿಯಾ’ ಅಲ್ಲವೆಂಬ ಭಾವನೆಯಿಂದ.

ಜೊತೆಗಾರರೂ ಊರಲ್ಲೇ ಇದ್ದಾರೆ. 1964ರಲ್ಲಿ ಶುರುವಾದ ಚಿತ್ರಕಲಾ ಶಾಲೆ ಇಂದು ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ. ಬರೆಯಬಲ್ಲವರು ಇಬ್ಬರು, ವಿನ್ಯಾಸ ಬಲ್ಲವನೊಬ್ಬ, ಕ್ಯಾಮೆರಾ ಬಲ್ಲವಳೊಬ್ಬಳು ಸೇರಿದರೆ ಅದೊಂದು ಸಣ್ಣ ಏಜೆನ್ಸಿ. ಪತ್ರಿಕೋದ್ಯಮ ವಿಭಾಗವೂ ದೃಶ್ಯಕಲಾ ಕಾಲೇಜೂ ಒಂದೇ ವಿಶ್ವವಿದ್ಯಾಲಯದ ಕೊಡೆಯ ಕೆಳಗಿದ್ದು, ವಿದ್ಯಾರ್ಥಿಗಳು ಒಬ್ಬರ ಹೆಸರು ಒಬ್ಬರಿಗೆ ತಿಳಿಯದೆ ಪದವಿ ಮುಗಿಸುವುದು ಬೇಸರದ ಸಂಗತಿ.

ಪ್ರಚಾರದ ಕಲೆ ಈ ಊರಿಗೆ ಹೊಸದೇನಲ್ಲ. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ, ಅದನ್ನು ಬೆಳೆಸಿದ ಪದ್ಮಶ್ರೀ ಚಿಂದೋಡಿ ಲೀಲಾ ದಾವಣಗೆರೆಯ ಹೆಮ್ಮೆ. ಜಾತ್ರೆಯಲ್ಲಿ ಟೆಂಟು ಹಾಕಿದ ವೃತ್ತಿ ನಾಟಕ ಕಂಪನಿಯ ಅನ್ನ ನಿಂತಿರುತ್ತಿದ್ದುದು ಗಾಡಿಗೆ ಮೈಕು ಕಟ್ಟಿಕೊಂಡು ಓಣಿ ಓಣಿ ಸುತ್ತುವ ಕೂಗುಗಾರನ ಮೇಲೆ, ಗೋಡೆ ಬರೆಯುವವನ ಮೇಲೆ, ಬಣ್ಣದ ಕರಪತ್ರದ ಮೇಲೆ. ಯಾವ ಓಣಿಯಲ್ಲಿ ಯಾವ ಮಾತು ಹೇಳಿದರೆ ಟಿಕೆಟ್ ಹರಿಯುತ್ತದೆ ಎಂಬ ಅವರ ಲೆಕ್ಕಾಚಾರವನ್ನು ಈಗ ಡಿಜಿಟಲ್ ಮಾರ್ಕೆಟಿಂಗ್ ಎಂಬ ಹೆಸರಿನಲ್ಲಿ ಶುಲ್ಕ ಕೊಟ್ಟು ಕಲಿಯುತ್ತಾರೆ.

ಹರಿಹರದ ಕಿರ್ಲೋಸ್ಕರ್ ಹೆಸರಿಗೂ ಸಂವಹನದ ಚರಿತ್ರೆಗೂ ಒಂದು ನಂಟಿದೆ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾರ್ಖಾನೆಯಿಂದ 1920ರಲ್ಲಿ ‘ಕಿರ್ಲೋಸ್ಕರ್ ಖಬರ್’ ಎಂಬ ಮರಾಠಿ ಪತ್ರಿಕೆ ಹೊರಟಿತು. ಶಂಕರರಾವ್ ಕಿರ್ಲೋಸ್ಕರ್ ಅದರ ಸಂಪಾದಕರು. ನೇಗಿಲು, ಪಂಪು ಮಾರುವ ಕಂಪನಿಯ ಗೃಹಪತ್ರಿಕೆಯಾಗಿ ಹುಟ್ಟಿದ್ದು ಮರಾಠಿಯ ದೊಡ್ಡ ಸಾಹಿತ್ಯ ಮಾಸಿಕವಾಗಿ ಬೆಳೆಯಿತು. 1930ರಲ್ಲಿ ‘ಸ್ತ್ರೀ’, ಆಮೇಲೆ ‘ಮನೋಹರ್’ ಅದರ ಜೊತೆಗೂಡಿದವು. ಕಾರ್ಖಾನೆಯೊಂದು ಓದುಗರನ್ನೂ ತಯಾರಿಸಬಲ್ಲದು ಎಂಬುದಕ್ಕೆ ನಮ್ಮ ನೆರೆಯಲ್ಲೇ ಇಷ್ಟು ಒಳ್ಳೆಯ ಉದಾಹರಣೆ ಇದ್ದರೂ ‘ಕಾರ್ಪೊರೇಟ್ ಕಮ್ಯುನಿಕೇಷನ್’ ಪಾಠಕ್ಕೆ ಅಮೆರಿಕದ ಉದಾಹರಣೆಗಳೇ ಬರುತ್ತವೆ.

ಅದೇ ಪಾಠದ ಇನ್ನೊಂದು ಮುಖವೂ ಹರಿಹರದ ಎದುರು ದಡದಲ್ಲಿದೆ. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿಂದ ತುಂಗಭದ್ರೆ ಮಲಿನವಾಗುತ್ತಿದೆ ಎಂದು 1980ರ ದಶಕದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಚಳವಳಿ ಹೂಡಿತು. ಕಾರ್ಖಾನೆಯ ಕಚ್ಚಾ ಮಾಲಿಗಾಗಿ ಹಳ್ಳಿಗಳ ಸಾಮೂಹಿಕ ಜಮೀನಿನಲ್ಲಿ ನೀಲಗಿರಿ ನೆಡುವುದರ ವಿರುದ್ಧ 1987ರ ನವೆಂಬರ್‌ನಲ್ಲಿ ಕುಸನೂರಿನಲ್ಲಿ ನಡೆದ ಸತ್ಯಾಗ್ರಹಕ್ಕೆ ಇಟ್ಟ ಹೆಸರು ‘ಕಿತ್ತಿಕೋ-ಹಚ್ಚಿಕೋ’. ನೀಲಗಿರಿ ಕೀಳು, ಬೇಕಾದ ಗಿಡ ಹಚ್ಚು. ಎರಡೇ ಪದ, ಹಾವೇರಿ ಸೀಮೆಯ ಆಡುಮಾತು, ಬೇಡಿಕೆ, ವಿಧಾನ, ಪರಿಹಾರ ಮೂರೂ ಅದರಲ್ಲಿವೆ. ಯಾವ ಜಾಹೀರಾತು ಸಂಸ್ಥೆಯ ಘೋಷವಾಕ್ಯವೂ ಇದಕ್ಕೆ ಸಾಟಿಯಾಗದು. ಕಂಪನಿಯ ಸಂಪರ್ಕಾಧಿಕಾರಿಯಾಗಲಿ, ಪರಿಸರ ಸಂಘಟನೆಯ ಪ್ರಚಾರಕನಾಗಲಿ, ವರದಿಗಾರನಾಗಲಿ, ಮೂರು ಕುರ್ಚಿಗಳೂ ಒಂದೇ ನದಿಯ ದಡದಲ್ಲಿವೆ. ಎಲ್ಲಿ ಕೂರುವುದೆಂದು ನಿರ್ಧರಿಸುವುದೂ ವೃತ್ತಿ ಯೋಜನೆಯೇ. ಲಾಭ ಮಾಡುವ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ವೆಚ್ಚ ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳಿದ ಮೇಲೆ, ಆ ಕೆಲಸಗಳನ್ನು ದಾಖಲಿಸಿ ವರದಿ ಬರೆಯುವವರ ಅಗತ್ಯವೂ ಹುಟ್ಟಿದೆ.

ಕೃಷಿಯ ಕಡೆ ನೋಡಿದರೆ ಅವಕಾಶ ಇನ್ನೂ ಹತ್ತಿರದ್ದು. ಚನ್ನಗಿರಿಯ ಅಡಿಕೆ, ಭದ್ರಾ ಅಚ್ಚುಕಟ್ಟಿನ ಭತ್ತ, ಜಗಳೂರಿನ ಮಳೆಯಾಶ್ರಿತ ಹೊಲ: ಮೂರು ಬಗೆಯ ಬೇಸಾಯ ಒಂದೇ ಜಿಲ್ಲೆಯಲ್ಲಿದೆ, ಮತ್ತು ವಿದ್ಯಾರ್ಥಿಗಳು ಬರುವುದೂ ಆ ಮನೆಗಳಿಂದಲೇ. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ‘ಕೃಷಿಕರ ಕೈಗೆ ಲೇಖನಿ’ ಎಂಬ ಶಿಬಿರಗಳ ಮೂಲಕ ಬೆಳೆಗಾರರನ್ನೇ ಬರಹಗಾರರನ್ನಾಗಿ ಮಾಡಿತು. ಶ್ರೀಪಡ್ರೆಯವರ ನೀರಿನ ಬರಹಗಳು ಆ ಹೊಲದ ಬೆಳೆ. ಧಾರವಾಡದ ಕೃಷಿ ಮಾಧ್ಯಮ ಕೇಂದ್ರ ಕೃಷಿ ಬರವಣಿಗೆಯನ್ನು ಪಾಠವಾಗಿಯೇ ಕಲಿಸಿತು. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ವಿಜ್ಞಾನಿ ಹೇಳಿದ್ದನ್ನು ರೈತನಿಗೆ ದಾಟಿಸುವುದೇ ಮುಖ್ಯ ಕೆಲಸ. ಹೊಲದ ಭಾಷೆ ಬಲ್ಲ ಪತ್ರಿಕೋದ್ಯಮ ಪದವೀಧರ ಅದನ್ನು ತನ್ನ ಬಯೊಡೇಟಾದಲ್ಲಿ ಬರೆಯುವುದೇ ಇಲ್ಲ. ಬರೆಯಲು ನಾಚುತ್ತಾನೆ.

ರೇಡಿಯೊ ವಿಷಯ ಚಿಕ್ಕದು. ದಾವಣಗೆರೆಯವರು ಕೇಳುತ್ತ ಬಂದದ್ದು 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯನ್ನು, ಆಮೇಲೆ ಚಿತ್ರದುರ್ಗದ ಎಫ್‌ಎಂ ಅನ್ನು. ತಾತ್ಕಾಲಿಕ ಉದ್ಘೋಷಕರಿಗೆ ಧ್ವನಿಪರೀಕ್ಷೆ, ಜಿಲ್ಲೆಗಳಲ್ಲಿ ಅರೆಕಾಲಿಕ ವರದಿಗಾರರು ಎಂಬ ವ್ಯವಸ್ಥೆ ಅಲ್ಲಿದೆ. ಹೊಟ್ಟೆಪಾಡಿಗೆ ಸಾಲದು, ನಾಲಿಗೆ ತಿದ್ದಲು ಚೆನ್ನ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ನಗರಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿದಾಗ ದಾವಣಗೆರೆಯೂ ಆ ಪಟ್ಟಿಯಲ್ಲಿತ್ತು.

ಸರಕಾರಿ ನೌಕರಿ ಎಂದರೆ ಮನೆಯವರ ಮುಖ ಅರಳುತ್ತದೆ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ ಪ್ರತಿ ಜಿಲ್ಲೆಯಲ್ಲೂ ಕಚೇರಿಯಿದೆ, ಆದರೆ ನೇಮಕಾತಿ ಅಪರೂಪ, ಹುದ್ದೆ ಬೆರಳೆಣಿಕೆ. ಪರಿಶಿಷ್ಟ ಜಾತಿ, ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ಇಲಾಖೆ ಶಿಷ್ಯವೇತನ ಕೊಟ್ಟು ಅಪ್ರೆಂಟಿಸ್ ತರಬೇತಿ ನೀಡುತ್ತ ಬಂದಿದೆ. ಅರ್ಜಿ ಕರೆದದ್ದು ಗೊತ್ತಾಗದೆಯೇ ಅವಧಿ ಮುಗಿದುಹೋಗುವುದುಂಟು. ಹೆಚ್ಚು ಬಾಗಿಲುಗಳಿರುವುದು ಐಇಸಿ ಎಂಬ ಮೂರಕ್ಷರದ ಹಿಂದೆ. ಮಾಹಿತಿ, ಶಿಕ್ಷಣ, ಸಂವಹನ. ಉದ್ಯೋಗ ಖಾತರಿ, ಸ್ವಚ್ಛ ಭಾರತದಂಥ ಯೋಜನೆಗಳಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ಐಇಸಿ ಸಂಯೋಜಕರನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿವೆ: ಬೀದಿನಾಟಕ ಏರ್ಪಡಿಸುವುದು, ಗೋಡೆಬರಹ ಬರೆಸುವುದು, ಯಶೋಗಾಥೆ ಬರೆಯುವುದು, ಫೋಟೊ ಸಮೇತ ಪತ್ರಿಕೆಗಳಿಗೆ ಕಳಿಸುವುದು. ಪತ್ರಿಕೋದ್ಯಮ ಓದಿದವರು ಮಾಡಬೇಕಾದ ಕೆಲಸ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲೂ ಇಲ್ಲ. ಪರ್ಮನೆಂಟಾ ಎಂದು ಕೇಳಿದರೆ ಉತ್ತರ ಇಲ್ಲ ಎಂದೇ.

ಉಪನ್ಯಾಸಕರಾಗುವ ದಾರಿ ಹೆಸರಿಗೆ ರಾಜಮಾರ್ಗ. ಯುಜಿಸಿ ನೆಟ್‌ನಲ್ಲಿ ಪತ್ರಿಕೋದ್ಯಮದ ವಿಷಯಸಂಕೇತ 63. ರಾಜ್ಯದಲ್ಲಿ ಕೆಸೆಟ್ ಇದೆ. ಆದರೆ ಕಾಯಂ ಹುದ್ದೆಗೆ ಅರ್ಜಿ ಕರೆಯುವ ತನಕ ಅತಿಥಿ ಉಪನ್ಯಾಸಕರಾಗಿ ವರ್ಷದಿಂದ ವರ್ಷಕ್ಕೆ ಕಾಯುವವರ ಸಾಲು ಉದ್ದವಾಗಿದೆ, ಅರ್ಹತೆ ಇಲ್ಲದವರಿಗೆ ಆ ಬಾಗಿಲೂ ಕಿರಿದಾಗಿದೆ. ಎಂ.ಎ. ಮಾಡುವವರು ಮೊದಲ ವರ್ಷದಲ್ಲೇ ನೆಟ್ ಓದು ಶುರುಮಾಡದಿದ್ದರೆ ಎಂ.ಎ. ಬರೀ ಎರಡು ವರ್ಷದ ಮುಂದೂಡಿಕೆ.

ಊರಿನ ಯೂಟ್ಯೂಬ್ ಚಾನೆಲ್ಲುಗಳ ಬಗ್ಗೆ ಮೂಗು ಮುರಿಯುವುದು ಸುಲಭ. ಲೋಗೋ ಹಿಡಿದವರೆಲ್ಲ ಪತ್ರಕರ್ತರೇ ಎಂಬ ಗೇಲಿ ಪತ್ರಿಕಾ ಭವನದಲ್ಲಿ ನಿತ್ಯ ಕೇಳಿಬರುತ್ತದೆ. ಗೇಲಿಯಲ್ಲಿ ಸತ್ಯವಿದೆ, ಅಸೂಯೆಯೂ ಇದೆ. ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರು, ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಅಪಘಾತ, ಜಗಳದ ವಿಡಿಯೊ ಹಾಕಿದರೆ ಆ ಗಂಟೆಗಳು ಬೇಗ ತುಂಬುತ್ತವೆ, ನಂಬಿಕೆ ತುಂಬುವುದಿಲ್ಲ. ಕರ್ನಾಟಕ ಸರಕಾರ 2024ರಲ್ಲಿ ಡಿಜಿಟಲ್ ಜಾಹೀರಾತು ನೀತಿ ತಂದಿರುವುದರಿಂದ ಅಚ್ಚುಕಟ್ಟಾಗಿ ನಡೆಸುವವರಿಗೆ ಒಂದು ದಾರಿ ತೆರೆದಿದೆ. ಮುದ್ರಿತ ವಾರಪತ್ರಿಕೆಯ ಕನಸಿರುವವರಿಗೆ 1867ರ ಹಳೆಯ ಕಾಯ್ದೆಯ ಜಾಗದಲ್ಲಿ 2024ರ ಮಾರ್ಚ್ 1ರಿಂದ ಹೊಸ ಕಾಯ್ದೆ ಜಾರಿಯಲ್ಲಿದೆ. ಶೀರ್ಷಿಕೆ, ನೋಂದಣಿ ಎಲ್ಲ ಆನ್‌ಲೈನ್. ಮೊದಲಿನಷ್ಟು ಕಚೇರಿ ಅಲೆದಾಟ ಇಲ್ಲ. ಚಂದಾದಾರರನ್ನು ಹುಡುಕುವ ಅಲೆದಾಟ ಹಾಗೇ ಇದೆ.

ಇನ್ನೊಂದು ಮಾತನ್ನು ಮಾರ್ಗದರ್ಶನದ ಕೈಪಿಡಿಗಳು ಬರೆಯುವುದಿಲ್ಲ. ಪತ್ರಿಕೋದ್ಯಮದ ತರಗತಿಯಲ್ಲಿ ಹುಡುಗಿಯರು ಮುಂದಿನ ಬೆಂಚಿನಲ್ಲಿರುತ್ತಾರೆ, ಜಿಲ್ಲೆಯ ಪತ್ರಿಕಾಗೋಷ್ಠಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ರಾತ್ರಿ ಹತ್ತಕ್ಕೆ ಮುಗಿಯುವ ಡೆಸ್ಕಿನಿಂದ ಹರಿಹರಕ್ಕೆ ಮರಳುವ ಬಸ್ಸು, ತಾಲ್ಲೂಕು ವರದಿಗಾರಿಕೆಯ ಗಂಡಸರ ಕೂಟ, ‘ಇಪ್ಪತ್ತಮೂರಾಯ್ತು, ಗಂಡು ನೋಡ್ಬೇಕು’ ಎಂಬ ಮನೆಯ ಕ್ಯಾಲೆಂಡರ್ ಎಲ್ಲ ಸೇರಿ ಆಯ್ಕೆಯನ್ನು ಮೊದಲೇ ಮಾಡಿಟ್ಟಿರುತ್ತವೆ. ಅನುವಾದ, ಸಬ್‌ಟೈಟಲ್, ಆಡಿಯೊ ಪುಸ್ತಕದ ಓದು, ಆ್ಯಪ್‌ಗಳ ಕನ್ನಡೀಕರಣ ಮುಂತಾದ ಮನೆಯಿಂದಲೇ ಮಾಡಬಹುದಾದ ಕೆಲಸಗಳು ಇಂಥವರಿಗೆ ಆಸರೆಯಾಗಿವೆ. ಬೀದಿಯಲ್ಲಿರಬೇಕಾದ ವರದಿಗಾರ್ತಿಯನ್ನು ಮತ್ತೆ ಮನೆಯೊಳಗೆ ಕೂರಿಸುವ ಉಪಾಯವಾಗಿ ಅವು ಬಳಕೆಯಾಗದಿದ್ದರೆ ಸರಿ.

ಹಾಗಾದರೆ ಮೂರು ವರ್ಷವನ್ನು ಹೇಗೆ ಹಂಚಿಕೊಳ್ಳುವುದು? ಮೊದಲ ವರ್ಷ ಭಾಷೆಗೆ: ದಿನಕ್ಕೊಂದು ಅನುವಾದ, ಯೂನಿಕೋಡ್, ಒಂದು ಇಂಗ್ಲಿಷ್ ಪತ್ರಿಕೆ. ಎರಡನೇ ವರ್ಷ ಯಾವುದಾದರೂ ಒಂದು ವಿಷಯ ಹಿಡಿಯುವುದು. ಅಡಿಕೆಯೋ ಆರೋಗ್ಯವೋ ತುಂಗಭದ್ರೆಯೋ ಪಾಲಿಕೆಯೋ. ‘ಎಲ್ಲ ಬರೀತೀನಿ’ ಎನ್ನುವವರು ನೂರು ಮಂದಿ ಇದ್ದಾರೆ. ಎಪಿಎಂಸಿ ಧಾರಣೆ ಏಕೆ ಬಿತ್ತು ಎಂದು ಎರಡು ಸಾಲಿನಲ್ಲಿ ಹೇಳಬಲ್ಲವರು ಕಡಿಮೆ. ಮೂರನೇ ವರ್ಷ ರಜೆಗಳಲ್ಲಿ ಒಮ್ಮೆ ಸುದ್ದಿಮನೆ, ಇನ್ನೊಮ್ಮೆ ಸುದ್ದಿಯಲ್ಲದ ಕಡೆ ಇಂಟರ್ನ್‌ಷಿಪ್: ಆಸ್ಪತ್ರೆ, ಪಂಚಾಯಿತಿ, ಕೃಷಿ ಕೇಂದ್ರ. ಪದವಿ ಮುಗಿದು ಆರು ತಿಂಗಳು ಕೆಲಸ ಸಿಗದವರಿಗೆ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಯುವನಿಧಿಯಿಂದ ತಿಂಗಳಿಗೆ 3,000 ರೂಪಾಯಿ, ಗರಿಷ್ಠ ಎರಡು ವರ್ಷ ಸಿಗುತ್ತದೆ. ಅದರಲ್ಲಿ ಮೊದಲ ಕಂತಿಗೆ ಒಂದು ಮೈಕ್ ಮತ್ತು ಟ್ರೈಪಾಡ್ ಬರುತ್ತದೆ. ಎರಡನೆಯದರಲ್ಲಿ ಬೆಂಗಳೂರಿಗೆ ಹೋಗಿಬರುವ ರೈಲು ಚಾರ್ಜು, ಹತ್ತು ಪ್ರತಿ ಬಯೊಡೇಟಾ, ಎರಡು ದಿನದ ಊಟ ಕಳೆದು ಸ್ವಲ್ಪ ಚಿಲ್ಲರೆ ಉಳಿಯುತ್ತದೆ.